ಭುಜ ಸಡಿಲ ಬಿಡುವವಳು

ಕಾರ್ಖಾನೆಯ ಕೆಲಸಗಾರರಿಗೆ ಮನೆಯಿಂದಲೇ ವೆಬಿನಾರ್ ನಡೆಸುವ ಆಕೆಯನ್ನು ಅವರೆಲ್ಲ ಕರೆಯುವುದು 'ಕ್ಷೇಮದಕ್ಕ' ಎಂದು. ಸೋಮವಾರ ಉಳಿತಾಯ, ಬುಧವಾರ ಬೆನ್ನುನೋವು, ಶುಕ್ರವಾರ ಮನಸ್ಸಿನ ಭಾರ, ವಿಷಯ ಯಾವುದಿದ್ದರೂ ಶುರುವಾಗುವುದು ಮಾತ್ರ, "ಭುಜ ಕೆಳಗಿಳಿಸ್ರಪ್ಪಾ, ಅದೇನು ಕಿವಿಗೆ ಹಾಕ್ಕೊಂಡಿರೋ ಓಲೆನಾ?" ಎಂಬ ಮಾತಿನಿಂದಲೇ. ಆಮೇಲೆ "ಕಣ್ಣು ಮುಚ್ಚಿ, ಉಸಿರು ನಿಧಾನವಾಗಿ ಎಳ್ಕೊಳ್ಳಿ" ಎನ್ನುವಳು. ಎಲ್ಲರೂ ಕಣ್ಣು ಮುಚ್ಚಿದ್ದೇ ತಡ, ಅಡುಗೆಮನೆಗೆ ಓಡಿ, ಉಕ್ಕುವ ಹಾಲಿನ ಉರಿ ಸಣ್ಣ ಮಾಡಿ, ಅತ್ತೆಯ ಬಾಯಿಗೆ ಮಾತ್ರೆ ಹಾಕಿ, ಒದ್ದೆ ಕೈ ಸೆರಗಿಗೆ ಒರೆಸುತ್ತ ಕುರ್ಚಿಗೆ ಮರಳಿ, "ಈಗ ಬಿಡಿ" ಎನ್ನುವಳು. ಊರವರಿಗೆಲ್ಲ ಉಸಿರಾಡಲು ಕಲಿಸಿದವಳು ತಾನು ಮಾತ್ರ ಒಂದು ಉಸಿರನ್ನೂ ಪೂರ್ತಿ ಎಳೆದುಕೊಂಡವಳಲ್ಲ. ಒಮ್ಮೆ ಹೊಲಿಗೆ ವಿಭಾಗದ ಹೆಂಗಸೊಬ್ಬಳು, "ನಾನು ಕಳ್ಳಗಣ್ಣಲ್ಲಿ ನೋಡ್ದೆ ಅಕ್ಕಾ. ನೀವೂ ನಮ್ ಜೊತೆ ಕಣ್ಮುಚ್ಚಿ ಎಷ್ಟು ಹಾಯಾಗಿ ಕೂತಿದ್ರಿ!" ಎಂದಳು. ಆ ಹೊತ್ತಿನಲ್ಲಿ ತಾನು ಒಲೆಯ ಮುಂದಿದ್ದೆನೆಂದು ಕ್ಷೇಮದಕ್ಕ ಹೇಳಲಿಲ್ಲ. ಅಂದಿನಿಂದ ಕುರ್ಚಿಗೆ ಮರಳಲು ಅವಸರಪಡುವುದನ್ನೂ ಬಿಟ್ಟಳು. ಮೊನ್ನೆ ಪಾತ್ರೆ ತೊಳೆಯುತ್ತಿದ್ದಾಗ ಗಂಡ ಬಿಳಿಚಿಕೊಂಡು ಬಾಗಿಲಲ್ಲಿ ನಿಂತ. "ನೀನಿಲ್ಲಿದ್ದೀಯ... ಮತ್ತೆ ಅಲ್ಲಿ ಕುರ್ಚಿಲಿ ಕೂತಿರೋದು ಯಾರೇ?" ಅವಳು ನಲ್ಲಿಯನ್ನು ಸದ್ದಾಗದಂತೆ ತಿರುಗಿಸಿದಳು. "ಶ್, ಮೆಲ್ಲಗೆ ಮಾತಾಡಿ. ಅವಳ ಭುಜ ಈಗಷ್ಟೇ ಸಡಿಲ ಆಗಿದೆ."