ಚೀಟಿ ಕಳೆದುಕೊಂಡ ಗಿಡಗಳು

ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಕಪಾಟು ತೆರೆದವಳು ಹಾಳೆಗಳನ್ನು ಒಂದೊಂದಾಗಿ ತಿರುವಿದೆ. ವರ್ಷಗಳಿಂದ ಒಣಗಿಸಿಟ್ಟಿದ್ದ ಗಿಡಗಳೆಲ್ಲ ಹೊಸ ಬಿಳಿ ಹಾಳೆಗಳ ಮೇಲೆ ನೀಟಾಗಿ ಕೂತಿದ್ದವು. ಮೂಲೆಯಲ್ಲಿರಬೇಕಾದ ಚೀಟಿ ಮಾತ್ರ ಒಂದರಲ್ಲೂ ಇರಲಿಲ್ಲ. ಗಿಡದ ವೈಜ್ಞಾನಿಕ ಹೆಸರು, ಕುಟುಂಬ, ಸಿಕ್ಕಿದ ಜಾಗ, ತಾರೀಕು, ತಂದವರ ಹೆಸರು ಎಲ್ಲ ಇದ್ದದ್ದು ಆ ಚೀಟಿಯಲ್ಲೇ.

“ಒಂದ್ ಗಿಡಾನೂ ಬಿಸಾಕಿಲ್ಲ ಕಣಮ್ಮ,” ಎಂದರು ನಮ್ಮ ಅಟೆಂಡರ್ ಸಿದ್ದಣ್ಣ. “ಇನ್‌ಸ್ಪೆಕ್ಷನ್‌ಗೆ ಬತ್ತಾರೆ, ಕ್ಲೀನಾಗಿರ್ಲಿ ಅಂದ್ರಲ್ಲ. ಪೇಪರ್‌ಗೆಲ್ಲ ಉಳ ಬಿದ್ದಿತ್ತು, ಸುಟ್ಟಾಕ್ದೆ.”

“ಚೀಟಿಗಳು, ಸಿದ್ದಣ್ಣ?”

“ಅವೂ ಮಾಸೋಗಿದ್ವು, ಅದ್ರ ಜೊತೇಲೇ ಸುಟ್ಟೋದ್ವು ಬುಡಿ. ಗಿಡ ಅವೆಯಲ್ಲ?”

ಆ ಧೂಳಿನಲ್ಲಿ ಕೂತು ಒಂದೊಂದು ಎಲೆಯನ್ನೂ ಮುರಿಯದಂತೆ ಎತ್ತಿ ಅಂಟಿಸಿದ್ದ ಮನುಷ್ಯನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು. ಓದಿದ ಕಾಲೇಜಿನಲ್ಲೇ ಈಗ ಪಾಠ ಹೇಳುತ್ತೇನೆ. ವಿದ್ಯಾರ್ಥಿನಿಯಾಗಿದ್ದಾಗ ಬೆಸಗರಹಳ್ಳಿ ಕಡೆಯ ಕೆರೆಯಂಚಿನಿಂದ ಒಂದು ಹುಲ್ಲು ತಂದು, ಹೆಸರು ಪತ್ತೆಹಚ್ಚಿ, ಚೀಟಿಯ ಕೆಳಗೆ ನನ್ನ ಹೆಸರು ಬರೆದಿದ್ದೆ. ಆ ಅಂಚಿಗೆ ಈಗ ಕಾಂಕ್ರೀಟು ಬಿದ್ದಿದೆ, ಹುಲ್ಲಿಲ್ಲ. ಹುಲ್ಲುಗಳ ಹಾಳೆಗಳ ಕಟ್ಟು ಬಿಚ್ಚಿ ಹುಡುಕಿದೆ. ಬೇರೆ ಬೇರೆ ಊರಿನಿಂದ ಬೇರೆ ಬೇರೆಯವರು ತಂದ ಅದೇ ಜಾತಿಯ ಹುಲ್ಲುಗಳ ನಡುವೆ ನನ್ನದು ಯಾವುದೆಂದು ನನಗೇ ಗೊತ್ತಾಗಲಿಲ್ಲ.

ಹೆಸರನ್ನಾದರೂ ಪುಸ್ತಕ ನೋಡಿ ಮತ್ತೆ ಗುರುತಿಸಬಹುದು. ಯಾವ ಕೆರೆಯಲ್ಲಿ ಏನು ಬೆಳೆಯುತ್ತಿತ್ತು ಎಂಬುದನ್ನು ಇನ್ನು ಯಾರೂ ಹೇಳಲಾರರು. ಇನ್‌ಸ್ಪೆಕ್ಷನ್‌ಗೆ ಬಂದವರು ಕಪಾಟು ನೋಡಿ, ಬಹಳ ಅಚ್ಚುಕಟ್ಟಾಗಿದೆ ಎಂದು ಹೊಗಳಿದರು. ನಾನು ಥ್ಯಾಂಕ್ಸ್ ಹೇಳಿದೆ.