ಮೀಟರು ಸುಳ್ಳು ಹೇಳದ ಗಲ್ಫ್ ಗಾಡಿ

ಮೂರು ವರ್ಷದ ಹಿಂದಿನ ಮಾತು. ಕಂಪೆನಿ ವರ್ಕ್‌ಶಾಪಿನ ಫೋರ್‌ಮನ್ ಕೆಲಸದಿಂದ ನಿವೃತ್ತನಾಗಿ ಮೆಲ್ಕಾರಿನ ಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. ಸುಮ್ಮನೆ ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ನಿಜ ಹೇಳಬೇಕೆಂದರೆ, ಹಳೇ ಕಾರು ಕೊಳ್ಳುವವರ ಜೊತೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿ ಗಾಡಿ ನೋಡಿಕೊಡುತ್ತಿದ್ದೆ. ನನ್ನ ಕಣ್ಣಿಗೆ ಮಣ್ಣೆರಚಿದವರು ಕಡಿಮೆ. ಜಂಬ ಅನ್ನಿಸಿದರೆ ಅನ್ನಿಸಲಿ.

ಆಗ ಬಂದವರು ಕಕ್ಕಿಂಜೆಯ ಹರಿಣಾಕ್ಷಿ. ಅವರ ಗಂಡ ಜಯಂತನಿಗೆ ವಾರಕ್ಕೆ ಮೂರು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಮುಗಿಸಿ ಬರುವಾಗ ಆತನಿಗೆ ಬಸ್ಸಿನಲ್ಲಿ ನಿಲ್ಲುವುದಿರಲಿ, ಕೂರುವ ತ್ರಾಣವೂ ಇರುತ್ತಿರಲಿಲ್ಲ. ಅದಕ್ಕೆಂದೇ ಈಕೆ ಡ್ರೈವಿಂಗ್ ಕಲಿತಿದ್ದರು.

"ವಾಸಣ್ಣ, ನಮಗೆ ಒಂದೇ ಸಲ ತೆಗೆದುಕೊಳ್ಳಲಿಕ್ಕೆ ಆಗುವುದು. ದಾರಿಯಲ್ಲಿ ಕೈ ಕೊಟ್ಟರೆ ಇವರನ್ನು ಕಟ್ಟಿಕೊಂಡು ನಾನು ಎಲ್ಲಿಗೆ ಹೋಗಲಿ?" ಎಂದರು.

ಅವರು ಮೆಚ್ಚಿದ ಸಣ್ಣ ಕಾರು ಮೂಡುಬಿದಿರೆಯಲ್ಲಿತ್ತು. ಒಂಬತ್ತು ವರ್ಷ ಹಳೆಯದು, ಮೀಟರಿನಲ್ಲಿ ನಲ್ವತ್ತೊಂದು ಸಾವಿರ ಕಿಲೋಮೀಟರು. ಮಾಲಿಕ ಶಶಿಧರ ರಜೆಯಲ್ಲಿ ಬಂದವನು. "ಗಲ್ಫ್ ಗಾಡಿ ಮಾರಾಯ್ರೆ," ಎಂದ. ನಮ್ಮ ಕಡೆ ಈ ಎರಡು ಶಬ್ದ ಹೇಳಿದರೆ ಚೌಕಾಸಿ ಅಲ್ಲಿಗೆ ಮುಗಿಯಿತು. ಯಜಮಾನ ಪರದೇಶದಲ್ಲಿ, ಕಾರು ಶೆಡ್ಡಿನಲ್ಲಿ, ಓಡುವುದು ವರ್ಷಕ್ಕೊಂದು ತಿಂಗಳು ಎಂದು ಅರ್ಥ. ಸ್ವಂತ ಭಾವನನ್ನು ನಂಬದವರೂ ಗಲ್ಫ್ ಗಾಡಿಯನ್ನು ನಂಬುತ್ತಾರೆ.

ನಾನು ಮೊದಲು ಸಂಶಯಪಟ್ಟದ್ದು ಮೀಟರನ್ನೇ. ಅದನ್ನು ಹಿಂದಕ್ಕೆ ತಿರುಗಿಸುವುದು ಈಗ ಮಕ್ಕಳಾಟ. ಆದರೆ ಟಯರಿನ ಮೇಲೆ ಅಚ್ಚಾದ ವರ್ಷ ನೋಡಿದೆ, ಸ್ಟೆಪ್ನಿ ಸೇರಿ ಐದೂ ಕಾರಿನ ಜೊತೆ ಬಂದವೇ. ಬ್ರೇಕ್ ಡಿಸ್ಕಿನ ಸವೆತವೂ ಅಷ್ಟಕ್ಕಷ್ಟೆ. "ಮೀಟರು ಸತ್ಯ," ಎಂದೆ. ಹರಿಣಾಕ್ಷಿಯ ಮುಖ ಅರಳಿತು. ಅಡ್ವಾನ್ಸ್ ಕೊಡಲು ಆಗಲೇ ಬ್ಯಾಗಿಗೆ ಕೈ ಹಾಕಿದ್ದರು.

"ಒಂದು ಸುತ್ತು ಹೋಗಿ ಬರುವ," ಎಂದು ನಾನೇ ಸ್ಟೇರಿಂಗ್ ಹಿಡಿದೆ. ಅಲ್ಲಿ ತಲೆ ಕೆಟ್ಟಿತು. ಒಂದು, ಎರಡನೇ ಗೇರು ಕರಕರ ಎನ್ನುತ್ತಿವೆ. ನಾಲ್ಕು, ಐದನೆಯದು ಹೊಸದರ ಹಾಗೆ ಬೀಳುತ್ತಿವೆ. ಕ್ಲಚ್ಚಿನ ಪೆಡಲ್ ಪೂರ್ತಿ ಮೇಲೆ ಬಂದ ಮೇಲೆಯೇ ಗಾಡಿ ಮುಂದಕ್ಕೆ ಹಂದುವುದು. ಆ ಪೆಡಲಿನ ರಬ್ಬರು ಬೋಳು. ಇಳಿದು ಎಡಗಡೆಯ ಸೀಟಿನಲ್ಲಿ ಕೂತೆ. ಡ್ರೈವರನ ಸೀಟಿನಷ್ಟೇ ಅದೂ ಕುಸಿದಿತ್ತು. ಮನೆ ಕಾರಿನಲ್ಲಿ ಹಾಗಾಗುವುದಿಲ್ಲ. ಕಾಲಡಿಯ ಮ್ಯಾಟ್ ಎತ್ತಿದೆ. ಬೋಲ್ಟ್ ಹಾಕಿ ತೆಗೆದ ತೂತುಗಳು, ಮೇಲೆ ಮೇಣದಂಥದ್ದೇನೋ ಮೆತ್ತಿತ್ತು.

"ಇದು ಡ್ರೈವಿಂಗ್ ಸ್ಕೂಲಿನ ಗಾಡಿ. ಕಲಿಯುವವರು ಎರಡನೇ ಗೇರು ದಾಟುವುದಿಲ್ಲ, ಕ್ಲಚ್ಚಿನಿಂದ ಕಾಲು ತೆಗೆಯುವುದಿಲ್ಲ. ಕಲಿಸುವವನಿಗೆ ಈ ಬದಿಯಲ್ಲಿಯೂ ಪೆಡಲ್ ಇತ್ತು," ಎಂದೆ.

ಶಶಿಧರನಿಗೆ ಸಿಟ್ಟು ಬಂತು. "ಏನು ಮಾತಾಡ್ತೀರಿ? ಇದು ಶೆಡ್ಡಿನಿಂದ ಹೊರಗೆ ಬಂದದ್ದೇ ಕಡಿಮೆ."

"ನಿಮ್ಮ ಕೈಗೆ ಬಂದ ಮೇಲೆ. ಅದಕ್ಕೆ ಮೊದಲು ಯಾರದ್ದು?"

"ಒಬ್ಬ ಗೆಳೆಯನದ್ದು," ಎಂದ. ಮೂವರೂ ಕೂತು ಒಂದು ಏರಿನ ನಡುವೆ ಕಾರು ನಿಲ್ಲಿಸಿ ಮತ್ತೆ ಹೊರಡಿಸಿದೆ. ಇಂಜಿನ್ ಬೊಬ್ಬೆ ಹಾಕಿತು, ಗಾಡಿ ಜಪ್ಪಯ್ಯ ಎಂದರೂ ಮುಂದೆ ಹೋಗಲಿಲ್ಲ, ಒಳಗೆಲ್ಲ ಸುಟ್ಟ ವಾಸನೆ. ಶಶಿಧರ ಅಲ್ಲಿಂದಲೇ ತನಗೆ ಕಾರು ಮಾರಿದ ಗೆಳೆಯನಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಉತ್ತರ ನಮಗೂ ಕೇಳಿಸಿತು: "ಹೌದು ಮಾರಾಯ, ಮೊದಲು ಸ್ಕೂಲಿನದ್ದೇ. ನೀನು ಕೇಳಲಿಲ್ಲ ಅಲ್ವಾ?"

ಕಾರು ಬೇಡವೆಂದು ಹೇಳಿ ಬಸ್ ಸ್ಟ್ಯಾಂಡಿಗೆ ಬಂದಾಗ ಹರಿಣಾಕ್ಷಿ ನನ್ನ ಮೇಲೆಯೇ ಹರಿಹಾಯ್ದರು. "ಕ್ಲಚ್ ಹೊಸತು ಹಾಕಿದರೆ ಆಗ್ತಿರಲಿಲ್ವಾ? ಇನ್ನು ಎಷ್ಟು ದಿನ ಇವರನ್ನು ಬಸ್ಸಿನಲ್ಲಿ ಎಳೆಯುವುದು?" ಕಣ್ಣೀರು ಬಂತು ಅವರಿಗೆ. ನನಗೂ ಸಂಕಟವಾಯಿತು. ಆದರೂ ಹೇಳಿದೆ: "ಕ್ಲಚ್ ಹಾಕಬಹುದು. ಗೇರ್‌ಬಾಕ್ಸೂ ಹೋಗಿದೆಯಮ್ಮ. ನನ್ನ ತಂಗಿಗಾದರೂ ಬೇಡ ಅಂತಲೇ ಹೇಳ್ತಿದ್ದೆ."

ಹದಿನೈದು ದಿನ ಹುಡುಕಿ ಅಳದಂಗಡಿಯಲ್ಲಿ ಒಂದು ಕಾರು ಹಿಡಿದೆ. ಔಷಧಿ ಕಂಪೆನಿಯ ಪ್ರತಿನಿಧಿಯೊಬ್ಬ ಹೆದ್ದಾರಿಯಲ್ಲೇ ಓಡಿಸಿದ್ದು, ಒಂದು ಲಕ್ಷದ ಮೂವತ್ತು ಸಾವಿರ ಕಿಲೋಮೀಟರು ದಾಟಿತ್ತು. ಗೇರು ಬೆಣ್ಣೆಯ ಹಾಗೆ. ಹರಿಣಾಕ್ಷಿ ಮೀಟರು ನೋಡಿ ಹೌಹಾರಿದರು.

"ಇಷ್ಟು ಓಡಿದ್ದಾ? ಊರಿನವರು ನಗ್ತಾರೆ ವಾಸಣ್ಣ."

"ನಗಲಿ. ನಗುವವರು ಯಾರೂ ದಾರಿಯಲ್ಲಿ ತಳ್ಳಲಿಕ್ಕೆ ಬರುವುದಿಲ್ಲ."

ಕಿಲೋಮೀಟರು ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅಷ್ಟನ್ನೂ ಯಾರು, ಹೇಗೆ ಓಡಿಸಿದರು ಎಂದು ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಇದನ್ನು ಕಲಿಯಲು ಒಂದು ಆಯುಷ್ಯ ಹೋಯಿತು.

ಮೊನ್ನೆ ಆ ಕಾರು ನಮ್ಮ ಮನೆಯೆದುರು ಬಂದು ನಿಂತಿತು. ಹರಿಣಾಕ್ಷಿ ಇಳಿದು ಬಂದರು. ಡಯಾಲಿಸಿಸ್ ಮುಗಿಸಿದ ಜಯಂತ ಒಳಗೆ ಸೀಟು ಮಲಗಿಸಿ ಗಾಢ ನಿದ್ದೆಯಲ್ಲಿದ್ದ. ಇಂಜಿನ್ ಓಡುತ್ತಲೇ ಇತ್ತು. ಪೆಟ್ರೋಲು ದಂಡ, ಆಫ್ ಮಾಡಬಾರದಾ ಎಂದು ಗದರಿದೆ.

"ಬೇಡ ವಾಸಣ್ಣ," ಎಂದರು ಮೆಲ್ಲಗೆ. "ಇದರ ಶಬ್ದ ನಿಂತರೆ ಅವರಿಗೆ ಎಚ್ಚರ ಆಗ್ತದೆ."