ತೂಕ ನೋಡಿ ತಂದ ಪವರ್ ಸಪ್ಲೈ

ಬ್ಯಾಟರಿ ಚಾರ್ಜರ್ ಬಂದ ಡಬ್ಬಿಯನ್ನು ಮೂರು ಸಲ ತಲೆಕೆಳಗು ಮಾಡಿ ಅಲ್ಲಾಡಿಸಿದೆ. ಒಂದು ಕೆಂಪು, ಒಂದು ಕಪ್ಪು ವೈರು, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದ ಪುಸ್ತಕ, ಅಂಗೈಗಿಂತ ತುಸು ದೊಡ್ಡ ಚಾರ್ಜರು, ಅಷ್ಟೇ. ಗೋಡೆಗೆ ಚುಚ್ಚುವ ಪ್ಲಗ್ಗೇ ಇಲ್ಲ. ಮಾರಿದವರು ಮೋಸ ಮಾಡಿದ್ದಾರೆಂದು ಫೋನಿನಲ್ಲಿ ಸಾಕಷ್ಟು ಜಗಳವಾಡಿದ ಮೇಲೆ ಗೊತ್ತಾದದ್ದು ಏನೆಂದರೆ, ಈ ಜಾತಿಯ ಚಾರ್ಜರುಗಳಿಗೆ ಪ್ಲಗ್ ಇರುವುದೇ ಇಲ್ಲ. ಗೋಡೆಯ ಕರೆಂಟನ್ನು ಹನ್ನೆರಡು ವೋಲ್ಟಿಗೆ ಇಳಿಸಿಕೊಡುವ ಪವರ್ ಸಪ್ಲೈ ಎಂಬ ಇನ್ನೊಂದು ಡಬ್ಬಿಯನ್ನು ನಾವೇ ಹುಡುಕಿ ತಂದು ಜೋಡಿಸಿಕೊಳ್ಳಬೇಕು. ಇದನ್ನು ಮೊದಲೇ ಬರೆದಿದ್ದೆವಲ್ಲ ಮೇಡಂ, ಓದಲಿಲ್ಲವೇ ಎಂದು ಆ ಕಡೆಯವರು ಕೇಳಿದರು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ‘ಮೊದಲು ಪ್ರಶ್ನೆ ಸರಿಯಾಗಿ ಓದಿ’ ಎಂದು ಗದರಿದ ಗಣಿತದ ಟೀಚರ್ ನಾನು. ಫೋನ್ ಇಟ್ಟೆ.

ಬ್ಯಾಟರಿ ಯಾತಕ್ಕೆಂದರೆ ರಿಮೋಟ್ ಕಾರಿಗೆ. ಮೊಮ್ಮಗನಿಗಾ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ, ನನಗೇ. ನಿವೃತ್ತಿಯಾದಾಗ ಒಬ್ಬರು ಯೋಗಕ್ಕೆ ಸೇರು ಎಂದರು, ಇನ್ನೊಬ್ಬರು ಭಜನಾ ಮಂಡಳಿಗೆ ಸೇರು ಎಂದರು. ನಾನು ಯಲಹಂಕದ ಹತ್ತಿರದ ಸಿಂಗಾಪುರದ (ಆ ದೇಶವಲ್ಲ) ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಭಾನುವಾರ ಸಂಜೆ ಕಾರು ಓಡಿಸುವ ನಾಲ್ಕೈದು ಜನರ ಗುಂಪಿಗೆ ಸೇರಿದೆ. ವಿಮಾನ ಹಾರಿಸುವ ಆಸೆಯೂ ಇತ್ತು. ಆದರೆ ಪಕ್ಕದಲ್ಲೇ ವಾಯುಪಡೆಯವರು ಇರುವಾಗ ನಮ್ಮಂಥವರು ಆಕಾಶದ ತಂಟೆಗೆ ಹೋಗುವಂತಿಲ್ಲ. ನೆಲದ ಮೇಲೆ ಓಡುವುದರಲ್ಲೇ ತೃಪ್ತಿಪಟ್ಟುಕೊಂಡೆ.

ಪವರ್ ಸಪ್ಲೈ ಎಂದ ಕೂಡಲೇ ನನಗೆ ಹೊಳೆದದ್ದು ಅಣ್ಣ. ನಿಜ ಹೇಳಬೇಕೆಂದರೆ, ಡಬ್ಬಿಯಲ್ಲಿ ಪ್ಲಗ್ ಇಲ್ಲದ್ದು ಒಳ್ಳೆಯದೇ ಆಯಿತು ಎಂದು ಅರ್ಧ ಗಂಟೆಯ ನಂತರ ಅನ್ನಿಸಿತು. ನನಗಿಂತ ಏಳು ವರ್ಷ ದೊಡ್ಡವನಾದ ಅಣ್ಣ ಹಳೇ ಯಲಹಂಕದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುತ್ತಲ ಹಳ್ಳಿಗಳ ಬೋರ್‌ವೆಲ್ ಮೋಟರು ಸುಟ್ಟರೆ ಅವನ ಬಾಗಿಲಿಗೆ ಬರುತ್ತಿತ್ತು. ಹೊಲಗಳೆಲ್ಲ ಅಪಾರ್ಟ್‌ಮೆಂಟ್ ಆದ ಮೇಲೆ ಅದೇ ಜನ ಬಿಲ್ಡರುಗಳಾಗಿ ಲಿಫ್ಟಿನ ಮೋಟರು, ಸಂಪಿನ ಮೋಟರು ತರತೊಡಗಿದರು. ಹೋದ ವರ್ಷ ಅವನಿಗೆ ಸಣ್ಣದಾಗಿ ಪಾರ್ಶ್ವವಾಯು ಹೊಡೆಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಬಲಗೈ ಮಾತ್ರ ಹಿಡಿದದ್ದನ್ನು ಬಿಟ್ಟುಬಿಡುತ್ತಿತ್ತು. ಅಂದು ಎಳೆದ ಶಟರ್ ಮತ್ತೆ ಏಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಟೀವಿ ಮುಂದೆ ಕೂರುತ್ತಾನೆ, ಏನು ನೋಡಿದೆ ಎಂದರೆ ಗೊತ್ತಿಲ್ಲ ಅನ್ನುತ್ತಾನೆ ಎಂದು ಅತ್ತಿಗೆ ಫೋನಿನಲ್ಲಿ ಅಳುತ್ತಿದ್ದಳು. ಹೇಗಾದರೂ ಮಾಡಿ ಅವನಿಂದ ಆ ಶಟರ್ ಎತ್ತಿಸಬೇಕು ಎಂಬುದು ನನ್ನ ಆಸೆ. ನನ್ನ ಚಾರ್ಜರು ಅದಕ್ಕೊಂದು ನೆಪ.

ಬಸ್ಸು ಹಿಡಿದು ಹೋದೆ. ಅಣ್ಣ ಚಾರ್ಜರನ್ನು ಮುಟ್ಟಲಿಲ್ಲ. ಎರಡೂ ಕೈಯನ್ನು ಟವೆಲಿನ ಕೆಳಗೆ ಇಟ್ಟುಕೊಂಡು, ಸುಮ್ಮನೆ ಕಣ್ಣಿನಲ್ಲೇ ಅದನ್ನು ತೂಗಿ, ಇದೇನು ಸೋಪಿನ ಡಬ್ಬಿಯಾ ಎಂದ. ಅಂಗಡಿಗೆ ಬಾ, ನೋಡೋಣ ಎಂದರೆ ಮಂಡಿ ನೋವು ಎಂದ. ಮಂಡಿಗೆ ಏನೂ ಆಗಿರಲಿಲ್ಲ. ಆದರೆ ಸಲಹೆ ಕೊಡದೆ ಇರಲು ಮಾತ್ರ ಅವನಿಂದ ಸಾಧ್ಯವಿಲ್ಲ. ಜೀವನವಿಡೀ ತಾಮ್ರವನ್ನು ತೂಕದ ಮೇಲೆ ಕೊಂಡು, ಸುಟ್ಟ ತಂತಿಯನ್ನು ತೂಕದ ಮೇಲೆ ಮಾರಿದವನು. ಅವನ ಪ್ರಕಾರ ಕರೆಂಟಿನ ವಸ್ತುವಿಗೆ ಇರುವುದು ಒಂದೇ ಗುಣ, ತೂಕ. ಒಳಗೆ ತಾಮ್ರ ಇದ್ದರೆ ಭಾರ ಇರುತ್ತದೆ, ಭಾರ ಇಲ್ಲದಿದ್ದರೆ ಒಳಗೆ ಗಾಳಿ ತುಂಬಿ ಮಾರುತ್ತಿದ್ದಾರೆ ಎಂದೇ ಲೆಕ್ಕ. ಅತ್ತಿಗೆಯಿಂದ ಅಂಗಡಿಯೊಳಗಿನ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತರಿಸಿ ನನ್ನ ಕೈಗೆ ಕೊಡಿಸಿದ.

"ಎರಡು ಕೆ.ಜಿ. ಮೇಲೆ ಮುಳ್ಳು ಓದ್ರೆ ತಗೋ. ಇಲ್ಲಾಂದ್ರೆ ಬಿಟ್ಟು ಬಾ. ಅಂಗ್ಡಿಯೋರು ಏನೇ ಬೊಗಳೆ ಬಿಟ್ರೂ ನಂಬ್ಬೇಡ."

ನಾನು ನಂಬಿದೆ. ನಮ್ಮ ಮನೆಯಲ್ಲಿ ಕರೆಂಟಿನ ವಿಷಯಕ್ಕೆ ಅಣ್ಣನ ಮಾತೇ ಕೊನೆ. ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳೇ ತುಂಬಿರುವ ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಹೋಗಿ, ಹನ್ನೆರಡು ವೋಲ್ಟಿನ ಪವರ್ ಸಪ್ಲೈ ತೋರಿಸಿ ಎಂದೆ. ಅಂಗಡಿಯವರು ತೂತುತೂತಿನ ತಗಡಿನ ಡಬ್ಬಿಯೊಂದನ್ನು ಮುಂದಿಟ್ಟು, ಬೀದಿಯ ಎಲ್‌ಇಡಿ ಬೋರ್ಡುಗಳಿಗೆಲ್ಲ ಇದೇ ಹೋಗುತ್ತದೆ, ಮೂವತ್ತು ಆಂಪಿಯರ್ ಎಂದರು. ನಾನು ಚೀಲದಿಂದ ತಕ್ಕಡಿ ತೆಗೆದು, ಅದರ ಮೂಲೆಯ ತೂತಿಗೆ ಕೊಕ್ಕೆ ಹಾಕಿ ಎತ್ತಿದೆ. ಮುಳ್ಳು ಮುಕ್ಕಾಲು ಕೆ.ಜಿ.ಯಲ್ಲೇ ನಿಂತಿತು. ಇನ್ನೂ ಭಾರದ್ದು ಇದೆಯೇ ಎಂದೆ. ಪಕ್ಕದಲ್ಲಿ ವೈರು ಕೊಳ್ಳುತ್ತಿದ್ದವರು ಕೆಲಸ ಬಿಟ್ಟು ನನ್ನನ್ನೇ ನೋಡತೊಡಗಿದರು. ನಾಲ್ಕು ಡಬ್ಬಿ ತೂಗಿದೆ, ನಾಲ್ಕನ್ನೂ ತಿರಸ್ಕರಿಸಿದೆ. ಕೊನೆಗೆ ಅಂಗಡಿಯವರು ನಗು ತಡೆದುಕೊಂಡು, ಮೇಡಂ, ಇದು ತರಕಾರಿ ಅಲ್ಲ ಕಣ್ರೀ ಎಂದರು. ನನಗೆ ಕೋಪ ಬಂತು. ಅಂಗಡಿಯ ಮೂಲೆಯಲ್ಲಿ ದೂಳು ಹಿಡಿದು ಕೂತಿದ್ದ, ಲಾರಿ ಬ್ಯಾಟರಿ ಚಾರ್ಜ್ ಮಾಡುವ ಹಳೇ ಕಾಲದ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಕೊಕ್ಕೆ ಹಾಕಿ ಎತ್ತಿದರೆ ಮುಳ್ಳು ಕೊನೆಯ ಅಂಕಿಯನ್ನೂ ದಾಟಿ ನಿಂತಿತು. ಇದು ನಿಮ್ಮ ಕೆಲಸಕ್ಕೆ ಬರಲ್ಲ ಎಂದು ಅವರು ಎರಡು ಸಲ ಹೇಳಿದರು. ಬೊಗಳೆ ಎಂದುಕೊಂಡು ಅದನ್ನೇ ತಂದೆ. ಅಣ್ಣನ ಮನೆಯ ಮುಂದೆ ಆಟೋದಿಂದ ಇಳಿಸುವಾಗ ನನ್ನ ಸೊಂಟ ಉಳುಕಿತು, ಆದರೂ ಮನಸ್ಸಿನಲ್ಲಿ ಗೆದ್ದು ಬಂದ ಖುಷಿ.

ಅಣ್ಣನ ಮುಖ ಅರಳಿತು. ಭೇಷ್, ಇದು ಮಾಲು ಎಂದ. ಅವನ ಮನೆಯ ಜಗುಲಿಯ ಮೇಲೆ ಇಟ್ಟು, ಅದರ ಎರಡು ಕ್ಲಿಪ್ಪುಗಳನ್ನು ಚಾರ್ಜರಿನ ವೈರುಗಳಿಗೆ ಕಚ್ಚಿಸಿ ಸ್ವಿಚ್ ಹಾಕಿದೆ. ಪೆಟ್ಟಿಗೆ ಗುಂಯ್‌ಗುಟ್ಟಿತು. ಚಾರ್ಜರು ಕಣ್ಣು ಬಿಟ್ಟು, ಕೀಂ ಕೀಂ ಎಂದು ಅರಚಿ, ಬರುತ್ತಿರುವ ವೋಲ್ಟೇಜು ತಪ್ಪು ಎಂದು ತೋರಿಸಿ ಆರಿಹೋಯಿತು. ಮತ್ತೆ ಹಾಕಿದೆ. ಮತ್ತೆ ಅದೇ ಅರಚಾಟ. ಐದನೇ ಸಲಕ್ಕೆ ಅತ್ತಿಗೆ ಅಡುಗೆಮನೆಯಿಂದ ಬಂದು, ಅದಕ್ಕೆ ಏನಾದರೂ ನೋವಾಗ್ತಿದೆಯಾ ಎಂದು ಕೇಳಿದಳು.

ನಾನು ಅಂಗಡಿಗೆ ಫೋನ್ ಮಾಡಿದೆ. ಹಳೇ ಪೆಟ್ಟಿಗೆ ಕರೆಂಟನ್ನು ಜಗ್ಗಿ ಜಗ್ಗಿ ಕೊಡುತ್ತದೆ, ಲಾರಿ ಬ್ಯಾಟರಿ ಅದನ್ನು ಸಹಿಸುತ್ತದೆ, ನಿಮ್ಮ ಚಾರ್ಜರಿನೊಳಗೆ ಸಣ್ಣ ಕಂಪ್ಯೂಟರೇ ಇದೆ, ಅದಕ್ಕೆ ಒಂದೇ ಸಮನೆ ಬೇಕು, ಆ ಹಗುರದ ಡಬ್ಬಿಯೇ ಸರಿ ಎಂದರು. ಫೋನಿನ ಸ್ಪೀಕರ್ ಹಾಕಿದ್ದೆ. ದೊಡ್ಡ ತಪ್ಪು. ಅಣ್ಣ ಎಲ್ಲ ಕೇಳಿಸಿಕೊಂಡ. ಎದ್ದು ಒಳಗೆ ಹೋಗಿ ಟೀವಿ ಹಾಕಿದ. ಹೊರಡುವಾಗ ಬಾಗಿಲಲ್ಲಿ ನಿಂತು ಹೋಗಿಬರ್ತೀನಿ ಎಂದೆ. ಅವನು ಪರದೆಯಿಂದ ಕಣ್ಣು ತೆಗೆಯದೆ, "ನನ್ ಕಾಲ ಮುಗೀತು ಕಣಮ್ಮ. ಇನ್ಮೇಲೆ ಅವ್ರನ್ನೇ ಕೇಳು," ಎಂದ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವನ ಶಟರ್ ಎತ್ತಿಸಲು ಹೋದವಳು ಅದಕ್ಕೊಂದು ಬೀಗವನ್ನೂ ಜಡಿದು ಬಂದಿದ್ದೆ. ಆ ವಾರ ಅತ್ತಿಗೆಯ ಫೋನು ಬಂದಾಗಲೆಲ್ಲ ಎತ್ತಲು ಹೆದರಿಕೆಯಾಗುತ್ತಿತ್ತು. ಕಾರು ಓಡಿಸುವ ಗುಂಪಿನವರು ಲ್ಯಾಪ್‌ಟಾಪಿನ ಅಡಾಪ್ಟರ್ ಹಾಕಿ ಆಂಟಿ, ಕಂಪ್ಯೂಟರಿನ ಹಳೇ ಪವರ್ ಸಪ್ಲೈ ಹಾಕಿ ಆಂಟಿ ಎಂದು ತಲೆಗೊಂದು ಉಪಾಯ ಹೇಳಿದರು. ಯಾವುದೂ ಬೇಡವೆನ್ನಿಸಿತು. ಕೊನೆಗೆ ಆ ಭಾರದ ಪೆಟ್ಟಿಗೆಯನ್ನು ಹಿಂದಕ್ಕೆ ಕೊಟ್ಟು, ಅದೇ ಮುಕ್ಕಾಲು ಕೆ.ಜಿ.ಯ ಡಬ್ಬಿಯನ್ನು ತಲೆ ತಗ್ಗಿಸಿ ಕೊಂಡುತಂದೆ. ತಂದವಳು ಮನೆಗೆ ಹೋಗಲಿಲ್ಲ, ನೇರ ಅಣ್ಣನ ಬಳಿಗೆ ಹೋದೆ. ಅವನು ಬೈದರೆ ಬೈಯಲಿ, ಟೀವಿ ನೋಡುವುದಕ್ಕಿಂತ ಅದೇ ವಾಸಿ.

ಅವನ ತೊಡೆಯ ಮೇಲೆ ಡಬ್ಬಿ ಇಟ್ಟೆ. ನೋಡಲೇ ಇಲ್ಲ. ಮೂವತ್ತು ಆಂಪಿಯರ್ ಅಂತ ಬರೆದಿದೆ ಅಣ್ಣ, ಇನ್ನು ನಾನೇ ಹೇಗೋ ಜೋಡಿಸಿಕೊಳ್ಳುತ್ತೇನೆ ಎಂದೆ. ಅಷ್ಟು ಹೇಳಿದ್ದೇ ತಡ, ತಲೆ ತಿರುಗಿಸಿದ. ಡಬ್ಬಿಗೆ ಅಂಟಿಸಿದ ಚೀಟಿಯನ್ನು ಕನ್ನಡಕ ಏರಿಸಿ ಓದಿದ.

"ಬರೆದೈತೆ ಅಂತ ನಂಬ್ಬಿಟ್ಯಾ? ಮೂರು ಆರ್ಸ್‌ಪವರ್ ಮೋಟ್ರಿಗೆ ಐದು ಅಂತ ಪ್ಲೇಟ್ ಒಡ್ದು ಕಳ್ಸೋರ್ನ ನಾನು ಕಂಡಿಲ್ವಾ? ಓಗ್ಲಿ, ನಿನ್ ಬ್ಯಾಟ್ರಿಗೆ ಎಷ್ಟು ಬೇಕು?"

ನನಗೆ ಗೊತ್ತಿರಲಿಲ್ಲ. ಎಷ್ಟು ಬೇಕು ಎಂದು ಇಷ್ಟು ದಿನ ಯಾರೂ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಬೋರು ಎಷ್ಟು ಅಡಿ ಎಂದು ಕೇಳದೆ ಮೋಟರು ತರುವವರು ಉಂಟೇ, ನೀನು ಮಕ್ಕಳಿಗೆ ಅದೇನು ಲೆಕ್ಕ ಹೇಳಿಕೊಟ್ಟೆಯೋ ಎಂದು ಶುರುಮಾಡಿದವನು ಹತ್ತು ನಿಮಿಷ ನಿಲ್ಲಿಸಲಿಲ್ಲ. ನಾನು ಚಾರ್ಜರಿನ ಪುಸ್ತಕ ತೆಗೆದು, ಕಾಗದದ ಮೇಲೆ ಗುಣಿಸಿ ಭಾಗಿಸಿ, ನನ್ನ ಕಾರಿನ ಬ್ಯಾಟರಿಗೆ ಏಳು ಆಂಪಿಯರ್ ಸಿಕ್ಕರೆ ಸಾಕು ಎಂದು ತೋರಿಸಿದೆ. ಅಣ್ಣ ಹಣೆ ಚಚ್ಚಿಕೊಂಡ. ಆಮೇಲೆ ಎದ್ದ. ಯಾರನ್ನೂ ಕರೆಯದೆ ಒಳಬಾಗಿಲಿನಿಂದ ಅಂಗಡಿಗೆ ಹೋಗಿ, ಎಡಗೈಯಿಂದ ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿದ. ಉಳಿದದ್ದನ್ನು ನಾನು ಎತ್ತಿದೆ. ಬೀದಿಯ ಬೆಳಕು ಒಳಗೆ ಬಿದ್ದಾಗ ಅತ್ತಿಗೆ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ಬಂದು ನಿಂತಳು.

ಅಣ್ಣ ಒಂದು ಡಬ್ಬದಿಂದ ಟ್ರಾಕ್ಟರಿನ ಹೆಡ್‌ಲೈಟ್ ಬಲ್ಬುಗಳನ್ನು ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟ. ಒಂದೊಂದು ಬಲ್ಬೂ ಸುಮಾರು ಐದು ಆಂಪಿಯರ್ ಎಳೆಯುತ್ತದೆ, ಒಂದಾದ ಮೇಲೊಂದು ಹೊತ್ತಿಸುತ್ತ ಹೋದರೆ ಡಬ್ಬಿಯ ಬಂಡವಾಳ ಬಯಲಾಗುತ್ತದೆ ಎಂದ. ಸ್ಕ್ರೂಡ್ರೈವರನ್ನು ಬಲಗೈಯಲ್ಲಿ ಹಿಡಿದು ಡಬ್ಬಿಯ ತುದಿಯ ಸ್ಕ್ರೂ ಮೇಲೆ ಇಟ್ಟ. ಅದು ಜಾರಿ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಮೂರನೇ ಸಲ ನಾನು ಬಗ್ಗುವಾಗ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಎದ್ದು ಕೊಡಹೋದರೆ ಅವನು ಕೈ ಚಾಚಲಿಲ್ಲ.

"ನೀನೇ ತಿರುಗ್ಸು," ಎಂದ.

ಈ ಅಂಗಡಿ ಶುರುವಾದಾಗ ನನಗೆ ಹದಿಮೂರು ವರ್ಷ. ಸುರುಳಿ ಸುತ್ತುವುದನ್ನು ಕಲಿಸು ಎಂದು ಎಷ್ಟು ಕಾಡಿದರೂ, ಶಾಕ್ ಹೊಡೆಯುತ್ತೆ, ದೂರ ಹೋಗು ಎಂದು ಓಡಿಸುತ್ತಿದ್ದ. ಊರಿನ ಎಷ್ಟೋ ಗಂಡುಮಕ್ಕಳಿಗೆ ಕಲಿಸಿದ, ನನ್ನನ್ನು ಮಾತ್ರ ಹೊಸ್ತಿಲು ದಾಟಲು ಬಿಡಲಿಲ್ಲ. ಆ ಸಿಟ್ಟು ನನ್ನಲ್ಲಿ ಇಷ್ಟು ವರ್ಷ ಇತ್ತೆಂದು ಸ್ಕ್ರೂಡ್ರೈವರ್ ಹಿಡಿದ ಆ ಗಳಿಗೆಯಲ್ಲೇ ಗೊತ್ತಾಯಿತು. ಅದು ಹೋದದ್ದೂ ಆಗಲೇ. ಗೋಡೆಯ ಪ್ಲಗ್ ಕಿತ್ತಿದ್ದೀಯಾ ಎಂದು ಅಣ್ಣ ಎರಡೆರಡು ಸಲ ಕೇಳಿದ. ವೈರು ಸುಲಿದದ್ದು ಜಾಸ್ತಿಯಾಯಿತು, ಎಳೆಗಳನ್ನು ಹೊಸೆಯಲಿಲ್ಲ, ಸ್ಕ್ರೂ ಏನು ಮಲ್ಲಿಗೆ ಹೂವೇ, ಬಿಗಿಯಾಗಿ ತಿರುಗಿಸಬಾರದೇ ಎಂದು ತಪ್ಪಿಗೊಂದು ಬೈಗುಳ ಬಿತ್ತು. ಹೆಡ್‌ಮಿಸ್ ಆಗಿ ನಿವೃತ್ತಿಯಾದವಳು ಬೆವರು ಒರೆಸಿಕೊಂಡು, ಆಯ್ತಣ್ಣ, ಆಯ್ತಣ್ಣ ಎನ್ನುತ್ತಿದ್ದೆ. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖ ಇದೆಯೆಂದು ನನ್ನ ವಿದ್ಯಾರ್ಥಿಗಳು ಯಾರೂ ಹೇಳಿರಲಿಲ್ಲ.

ಮೂರು ಬಲ್ಬು ಹೊತ್ತಿದರೂ ಅಣ್ಣ ಡಬ್ಬಿಗೆ ಹಚ್ಚಿಸಿದ್ದ ವೋಲ್ಟ್ ಮೀಟರಿನ ಅಂಕಿ ಅಲುಗಲಿಲ್ಲ. ನಾಲ್ಕನೆಯದಕ್ಕೆ ಸ್ವಲ್ಪ ಇಳಿಯಿತು. ಐದನೆಯದು ಹೊತ್ತಿದ ತಕ್ಷಣ ಎಲ್ಲವೂ ಪುಕ್ಕೆಂದು ಆರಿ, ಮಿಣುಕಿ, ಮತ್ತೆ ಆರಿದವು. ಅಣ್ಣ ಗಹಗಹಿಸಿ ನಕ್ಕ. ಆ ನಗು ಕೇಳಿ ಒಂದು ವರ್ಷವಾಗಿತ್ತು. ಮಾರ್ಕರ್ ಪೆನ್ನು ನನ್ನ ಕೈಗೆ ಕೊಟ್ಟು, ಚೀಟಿಯ ಮೇಲಿನ ಮೂವತ್ತನ್ನು ಹೊಡೆದುಹಾಕಿಸಿ ಇಪ್ಪತ್ತು ಎಂದು ಬರೆಸಿದ. ಏಳು ಬೇಕಾದವಳಿಗೆ ಇಪ್ಪತ್ತು ಧಾರಾಳ. ಆಮೇಲೆ ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಅಗುರ ಇದ್ರೂ ಪರ್ವಾಗಿಲ್ಲ, ಕೆಲಸಗಾರ ಎಂದು ಒಪ್ಪಿಕೊಂಡ. ಅದಕ್ಕೆ ಜೋಡಿಸಿದಾಗ ಈ ಸಲ ಚಾರ್ಜರು ಅರಚಲಿಲ್ಲ. ಬ್ಯಾಟರಿ ತುಂಬುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತು ಅತ್ತಿಗೆ ಕೊಟ್ಟ ಕಾಫಿ ಕುಡಿದೆವು.

ಮರುದಿನ ಬೆಳಿಗ್ಗೆ ನಾನು ಇನ್ನೂ ಹಲ್ಲುಜ್ಜುತ್ತಿರುವಾಗಲೇ ಅಣ್ಣನ ಫೋನು ಬಂತು. ಶಟರ್ ಎದ್ದದ್ದನ್ನು ನೋಡಿದ ಪಕ್ಕದ ಬೀದಿಯವರು ಸುಟ್ಟ ಮಿಕ್ಸಿಯೊಂದನ್ನು ತಂದು ಕೊಟ್ಟು ಹೋಗಿದ್ದಾರಂತೆ. ಸಾಯಂಕಾಲಕ್ಕೆ ರೆಡಿ ಎಂದು ಇವನು ಹೇಳಿಯೂಬಿಟ್ಟಿದ್ದಾನೆ. ನಿನ್ನ ಕೈ ನೆಟ್ಟಗಿಲ್ಲವಲ್ಲ ಅಣ್ಣ, ಹೇಗೆ ಮಾಡುತ್ತೀಯ ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

"ನಿನ್ ಕೈ ನೆಟ್ಟಗೈತಲ್ಲ. ಅತ್ತು ಗಂಟೆಗೆ ಸರಿಯಾಗಿ ಬಾ, ಲೇಟ್ ಮಾಡ್ಬೇಡ," ಎಂದು ಫೋನಿಟ್ಟ.